ಬಿಳಿ ಪ್ಯಾಂಟಿನ ಕೆಮ್ಮಣ್ಣು

ಬಿಳಿ ಬಟ್ಟೆ ತೊಟ್ಟು ಕೆಮ್ಮಣ್ಣಿನ ಮೇಲೆ ಹೊಟ್ಟೆಯಡಿಯಾಗಿ ಜಾರುವ ಆಟವನ್ನು ಕಂಡುಹಿಡಿದವರು ಖಂಡಿತ ಗಂಡಸರೇ ಇರಬೇಕು. ಅದರಲ್ಲೂ ಒಂದು ದಿನಕ್ಕೂ ತಮ್ಮ ಬಟ್ಟೆ ತಾವು ಒಗೆದುಕೊಳ್ಳದ ಗಂಡಸರು. ಅಮೆರಿಕಾದಲ್ಲಿರುವ ಮಗಳ ಮನೆಗೆ ಹೋದ ಮೂರನೆಯ ದಿನವೇ ನನಗೆ ಈ ಜ್ಞಾನೋದಯವಾಯಿತು.

ಮಗಳ ಸಂಸಾರ ಇರುವುದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಎಂಬ ಊರಿನಲ್ಲಿ. ಲಾಸ್ ಏಂಜಲೀಸಿನ ಪಕ್ಕದ್ದು. ಮೊಮ್ಮಗನಿಗೆ ಹದಿನಾರು ವರ್ಷ, ಹೈಸ್ಕೂಲಿನ ಬೇಸ್‌ಬಾಲ್ ತಂಡದಲ್ಲಿದ್ದಾನೆ. ಸಂಜೆ ಮನೆಗೆ ಬಂದಾಗ ಮೊಣಕಾಲಿನಿಂದ ಸೊಂಟದವರೆಗೆ ಇಟ್ಟಿಗೆ ಬಣ್ಣ. "ಮಷೀನಿಗೆ ಹಾಕಿಬಿಡಮ್ಮ" ಎಂದಳು ಮಗಳು. ಮಷೀನು ತನ್ನ ಕೈಲಾದಷ್ಟು ಗುಡುಗುಡು ಎಂದಿತು. ಹೊರಗೆ ಬಂದ ಪ್ಯಾಂಟು ಮಾತ್ರ ಸುಣ್ಣ ಬಳಿದ ಗೋಡೆಗೆ ಯಾರೋ ಎಲೆಅಡಿಕೆ ಉಗಿದ ಹಾಗೆ ಕಾಣುತ್ತಿತ್ತು. ತಿಪಟೂರಿನ ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಮೇಲೆ ಐವತ್ತು ವರ್ಷ ಸವೆಸಿದ ಕೈ ಸುಮ್ಮನಿರುತ್ತದೆಯೇ? ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲಿ ಒಯ್ದಿದ್ದ ಬಾರ್ ಸೋಪು ತೆಗೆದೆ. ಬಾತ್‌ಟಬ್ಬಿನ ಅಂಚಿನ ಮೇಲೆ ಪ್ಯಾಂಟು ಹರಡಿ ಬ್ರಷ್ಷು ಹಾಕಿ ಉಜ್ಜಿದೆ. ಮೊಮ್ಮಗ ಬಾಗಿಲಲ್ಲಿ ನಿಂತು, "ಅಜ್ಜಿ, ಬೇಡ. ನಾಳೆ ನಾನು ಮತ್ತೆ ಸ್ಲೈಡ್ ಮಾಡ್ತೀನಿ" ಎಂದ. ಅವನ ಕನ್ನಡ ಅಷ್ಟೇ, ಆದರೆ ಅರ್ಥ ಸರಿಯಾಗಿತ್ತು. ಅಲ್ಲಿದ್ದ ಆರು ತಿಂಗಳೂ ಅವನು ಕೊಳೆ ಮಾಡುವುದು, ನಾನು ಉಜ್ಜುವುದು ನಡೆದೇ ಇತ್ತು.

ಆಟ ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ವಜ್ರದ ಆಕಾರದ ಅಂಗಳ, ನಾಲ್ಕು ಮೂಲೆಗೆ ನಾಲ್ಕು ಬೇಸು, ಒಂದರಿಂದ ಒಂದಕ್ಕೆ 90 ಅಡಿ. ಚೆಂಡು ಹೊಡೆದವನು ಮೂರು ಬೇಸು ಮುಟ್ಟಿ, ಹೊರಟ ಜಾಗಕ್ಕೇ ವಾಪಸು ಬಂದರೆ ಒಂದು ರನ್ನು. ಹೊರಟ ಜಾಗದ ಹೆಸರೇ ಹೋಮ್, ಅಂದರೆ ಮನೆ. ಗಂಡುಮಕ್ಕಳು ಮನೆ ಸೇರಿದ್ದಕ್ಕೆ ಅಂಕ ಕೊಡುವ ಆಟ, ಆ ಮಟ್ಟಿಗೆ ನನಗೆ ಇಷ್ಟವೇ ಆಯಿತು. ಇನ್ನು, ಚೆಂಡು ಎಸೆಯುವವನ ಕಣ್ಣು ತಪ್ಪಿಸಿ ಒಂದು ಬೇಸಿನಿಂದ ಮುಂದಿನದಕ್ಕೆ ಓಡಿಬಿಡುವುದಕ್ಕೆ 'ಕದಿಯುವುದು' ಎನ್ನುತ್ತಾರೆ. ಕದ್ದು ಓಡುವಾಗಲೇ ಹೀಗೆ ನೆಲಕ್ಕೆ ಬಿದ್ದು ಜಾರುವುದು. ನಮ್ಮ ಮನೆಯವರಿಗೆ ಇದಾವುದೂ ಹಿಡಿಸಲಿಲ್ಲ. ಅವರು ಕ್ರಿಕೆಟ್ಟಿನ ಜನ. "ಪುಟ ಬೀಳದ ಚೆಂಡು ಕಣೇ, ಬರೀ ಫುಲ್‌ಟಾಸು! ನಮ್ಮ ವಿಶ್ವನಾಥ್ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಹೊಡೀತಿದ್ದ" ಎಂದು ಪೇಪರು ಮುಖಕ್ಕೆ ಹಿಡಿದುಕೊಂಡರು.

ಆದರೆ ಮೊಮ್ಮಗ ಬರೀ ಬೇಸ್‌ಬಾಲ್ ಹುಡುಗನಲ್ಲ. ಅಲ್ಲಿ ಶಾಲೆಗಳಲ್ಲಿ ಆಟಕ್ಕೂ ನಮ್ಮ ಮಾವು ಹಲಸಿನ ಹಾಗೆ ಕಾಲವಿದೆ. ಎಲೆ ಉದುರುವ ಕಾಲಕ್ಕೆ ಗುಡ್ಡಗಾಡಿನ ಓಟ ಅಥವಾ ಅವರ ಫುಟ್‌ಬಾಲು, ಚಳಿಗಾಲಕ್ಕೆ ಬ್ಯಾಸ್ಕೆಟ್‌ಬಾಲು, ವಸಂತಕ್ಕೆ ಬೇಸ್‌ಬಾಲು. ಮೂರು ಕಾಲಕ್ಕೆ ಮೂರು ಆಟ ಆಡುವ ಮಕ್ಕಳು ಇರುತ್ತಾರೆ, ನಮ್ಮವನೂ ಅಂಥವನೇ. ಬಾಗಿಲ ಬಳಿ ಅವನವು ಮೂರು ಥರದ ಬೂಟುಗಳು. ಮೊದಲ ದಿನ ನಾನು, ಮನೆಗೆ ನೆಂಟರು ಬಂದಿದ್ದಾರೆಂದು ಕಾಫಿಗೆ ಹೆಚ್ಚು ಹಾಲು ಇಟ್ಟಿದ್ದೆ.

ನಾವು ಹೋದ ಹೊತ್ತಿಗೆ ಆ ಮನೆಯಲ್ಲಿ ಒಂದು ಮುಸುಕಿನ ಗುದ್ದಾಟ ನಡೆದಿತ್ತು. ಶಾಲೆಯ ತಂಡವಲ್ಲದೆ ದುಡ್ಡು ಕೊಟ್ಟು ಸೇರಿದ ಒಂದು ಕ್ಲಬ್ಬಿನಲ್ಲೂ ಹುಡುಗ ಆಡುತ್ತಿದ್ದ. ಅಲ್ಲಿನ ಕೋಚು ಖಡಾಖಂಡಿತವಾಗಿ ಹೇಳಿದ್ದರಂತೆ: ಕಾಲೇಜಿನಲ್ಲಿ ಬೇಸ್‌ಬಾಲ್ ಆಡಬೇಕೆಂದಿದ್ದರೆ ಇನ್ನು ಮೇಲೆ ವರ್ಷವಿಡೀ ಅದೊಂದೇ ಆಡಬೇಕು, ಉಳಿದೆರಡನ್ನೂ ಬಿಡಬೇಕು. ಅಳಿಯಂದಿರು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದ್ದರು. ಯಾವ ಕಾಲೇಜು, ಎಷ್ಟು ಫೀಸು, ಆಟದಿಂದ ಎಷ್ಟು ರಿಯಾಯಿತಿ. ನನಗೂ ಒಂದು ಸಂಜೆ ತೋರಿಸಿದರು. 2025ರವರೆಗೆ ಅಲ್ಲಿ ಇದ್ದ ನಿಯಮದ ಪ್ರಕಾರ ದೊಡ್ಡ ಕಾಲೇಜುಗಳ ಒಂದು ಬೇಸ್‌ಬಾಲ್ ತಂಡಕ್ಕೆ ಒಟ್ಟು 11.7 ವಿದ್ಯಾರ್ಥಿವೇತನ, ಅದನ್ನು ಹಲವು ಹುಡುಗರಿಗೆ ಹಂಚಬಹುದಾಗಿತ್ತು! ಮದುವೆ ಮನೆಯಲ್ಲಿ ಹೋಳಿಗೆ ಕಡಿಮೆ ಬಿದ್ದಾಗ ಅಡಿಗೆಯವರು ಮುರಿದು ಮುರಿದು ಬಡಿಸುವುದು ನೆನಪಾಯಿತು. ಈಗ ಆ ನಿಯಮ ಬದಲಾಗಿದೆಯಂತೆ, ಪೈಪೋಟಿ ಮಾತ್ರ ಬದಲಾಗಿಲ್ಲ. "ಅದಕ್ಕೇ ಅತ್ತೆ, ಈಗಲೇ ಒಂದನ್ನ ಹಿಡೀಬೇಕು" ಎಂದರು ಅಳಿಯ. ಮಗಳು ಏನೂ ಹೇಳಲಿಲ್ಲ. ಈ ಮಾತು ಬಂದಾಗಲೆಲ್ಲ ಅವಳಿಗೆ ಅಡಿಗೆಮನೆಯಲ್ಲಿ ಏನೋ ಕೆಲಸವಿರುತ್ತಿತ್ತು.

ಏಪ್ರಿಲ್ 15ರ ರಾತ್ರಿ ಟಿ.ವಿ.ಯಲ್ಲಿ ಪಂದ್ಯ ಬರುತ್ತಿತ್ತು. ನಮ್ಮ ಮನೆಯವರು ಪೇಪರು ಕೆಳಗಿಳಿಸಿ, "ಏನೋ ಇದು, ಎಲ್ಲರ ಬೆನ್ನ ಮೇಲೂ 42! ಎರಡೂ ತಂಡಕ್ಕೂ! ಅಂಪೈರಿಗೂ! ಸ್ಕೋರ್ ಬರೆಯೋನ ಗತಿಯೇನು?" ಎಂದರು. ಮೊಮ್ಮಗ ನಕ್ಕು ಹೇಳಿದ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಎಂಬ ಕರಿಯ ಆಟಗಾರ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಅಂಗಳಕ್ಕಿಳಿದ. ಅಲ್ಲಿಯವರೆಗೆ ಅರವತ್ತು ವರ್ಷದ ಹತ್ತಿರ ದೊಡ್ಡ ಲೀಗುಗಳಲ್ಲಿ ಕರಿಯರಿಗೆ ಬಾಗಿಲು ಮುಚ್ಚಿತ್ತು. ಅವನ ಅಂಗಿಯ ನಂಬರು 42. 1997ರಲ್ಲಿ ಎಲ್ಲ ತಂಡಗಳೂ ಆ ನಂಬರನ್ನು ಅವನ ಹೆಸರಿಗೇ ಬಿಟ್ಟುಕೊಟ್ಟವು. ವರ್ಷಕ್ಕೆ ಈ ಒಂದು ದಿನ ಮಾತ್ರ ಎಲ್ಲರೂ ಅದನ್ನು ತೊಡುತ್ತಾರೆ. "ಅಜ್ಜಿ, ಅವರು ನಮ್ಮ ಊರಿನವರೇ. ಸಂಡೇ ತೋರಿಸ್ತೀನಿ" ಎಂದ.

ಭಾನುವಾರ ಕರೆದುಕೊಂಡು ಹೋಗಿದ್ದು ಸಿಟಿ ಹಾಲಿನ ಎದುರಿಗೆ. ನೋಡಿ ಎದೆ ಧಸಕ್ಕೆಂದಿತು. ಹುಲ್ಲಿನ ಪಕ್ಕ ನೆಲದ ಮೇಲೆ ಕಂಚಿನ ಎರಡು ತಲೆಗಳು. ಮೈಯಿಲ್ಲ, ಪೀಠವಿಲ್ಲ, ಬರೀ ತಲೆಗಳು, ಒಂದೊಂದೂ ಒಂಬತ್ತು ಅಡಿ. ಒಂದು ಜಾಕಿಯದು, ಇನ್ನೊಂದು ಅವನ ಅಣ್ಣ ಮ್ಯಾಕ್‌ನದು. ಜಾಕಿ ಪೂರ್ವಕ್ಕೆ, ದೂರದ ಬ್ರೂಕ್ಲಿನ್ ಕಡೆ ನೋಡುತ್ತಿದ್ದಾನೆ. ಮ್ಯಾಕ್ ನೋಡುತ್ತಿರುವುದು ನೇರ ಸಿಟಿ ಹಾಲನ್ನು. ಹಿಂದಕ್ಕೆ ಹೋಗಿ ನೋಡಿದರೆ ತಲೆಗೂದಲಿನಲ್ಲಿ ಸಣ್ಣ ಸಣ್ಣ ಚಿತ್ರಗಳನ್ನು ಕೆತ್ತಿದ್ದಾರೆ, ಅವರ ಬದುಕಿನ ಕಥೆ. ನಾನು ಹೆಣ್ಣುಮಕ್ಕಳ ತಲೆ ಬಾಚುವವಳ ಹಾಗೆ ಕೈಯಾಡಿಸಿ ಆಡಿಸಿ ನೋಡಿದೆ. ಬಿಸಿಲಿಗೆ ಕಂಚು ಕಾದಿತ್ತು.

ಮಗಳು ಲೈಬ್ರರಿಯಿಂದ ಪುಸ್ತಕಗಳನ್ನು ತಂದುಕೊಟ್ಟಳು. ನನ್ನ ಇಂಗ್ಲಿಷು ಮಾತಿಗಿಂತ ಓದಿಗೆ ವಾಸಿ. ಜಾಕಿಯ ಆತ್ಮಕಥೆಯನ್ನೂ ಓದಿದೆ. 1972ರಲ್ಲಿ, ಅವನು ತೀರಿಕೊಂಡ ವರ್ಷವೇ ಬಂದದ್ದು. ಓದುತ್ತ ಹೋದಂತೆ ನನ್ನ ಕಣ್ಣು ಹುಡುಗನನ್ನು ಬಿಟ್ಟು ಅವನ ತಾಯಿಯ ಹಿಂದೆ ಹೋಯಿತು.

ಆಕೆಯ ಹೆಸರು ಮ್ಯಾಲಿ. ಜಾರ್ಜಿಯಾ ರಾಜ್ಯದ ಕೈರೋ ಎಂಬ ಊರಿನ ಬಳಿ, ಬೇರೆಯವರ ಜಮೀನಿನಲ್ಲಿ ಪಾಲಿಗೆ ದುಡಿಯುವ ಸಂಸಾರ. 1919ರ ಜನವರಿ 31ರಂದು ಜಾಕಿ ಹುಟ್ಟಿದ, ಐದನೆಯವನು. ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ಗಂಡ ಮನೆ ಬಿಟ್ಟು ಹೋದ. 1920ರಲ್ಲಿ ಈಕೆ ಐದು ಮಕ್ಕಳನ್ನೂ ಕಟ್ಟಿಕೊಂಡು ರೈಲು ಹತ್ತಿ ಅಮೆರಿಕಾದ ಆ ತುದಿಯಿಂದ ಈ ತುದಿಗೆ ಬಂದುಬಿಟ್ಟಳು. ಒಂದು ಕೂಸು ಮತ್ತು ಎರಡು ಟ್ರಂಕು ಇಟ್ಟುಕೊಂಡು ತಿಪಟೂರಿನಿಂದ ತವರಿಗೆ ಹೋಗುವಾಗ ಅರಸೀಕೆರೆಯಲ್ಲಿ ರೈಲು ಬದಲಾಯಿಸುವುದಕ್ಕೇ ನನಗೆ ಕೈಕಾಲು ನಡುಗುತ್ತಿತ್ತು, ಅನ್ನಿ.

ಪ್ಯಾಸಡೀನಾದಲ್ಲಿ ಮ್ಯಾಲಿಗೆ ಸಿಕ್ಕಿದ್ದು ಬಿಳಿಯರ ಮನೆಗಳಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ. ಬೆಳಕು ಹರಿಯುವ ಮೊದಲೇ ಹೋಗಬೇಕು. ಕೂಸನ್ನು ಯಾರು ನೋಡಿಕೊಳ್ಳಬೇಕು? ಮಗಳು ವಿಲ್ಲಾ ಮೇ ಶಾಲೆಗೆ ಹೋಗುವವಳು. ಮ್ಯಾಲಿ ಟೀಚರ ಹತ್ತಿರ ಹೋಗಿ ಬೇಡಿಕೊಂಡಳು. ಅಕ್ಕ ಒಳಗೆ ಪಾಠ ಕೇಳುವಷ್ಟು ಹೊತ್ತು ತಮ್ಮ ಹೊರಗೆ ಮರಳಿನ ತೊಟ್ಟಿಯಲ್ಲಿ ಆಡಿಕೊಂಡಿರಬಹುದು ಎಂದಾಯಿತು. ಒಂದು ವರ್ಷ ಹಾಗೆ ನಡೆಯಿತು. ಊಟವೋ, ದಿನಕ್ಕೆ ಎರಡೇ ಹೊತ್ತು. ಕೆಲವು ಸಲ ಕೆಲಸದ ಮನೆಯಲ್ಲಿ ಉಳಿದದ್ದನ್ನು ತಾಯಿ ತಂದರೆ ಉಂಟು, ಇಲ್ಲವಾದರೆ ಬ್ರೆಡ್ಡು, ಸಕ್ಕರೆ ನೀರು. ಆದರೂ ಆಕೆ ಪೆಪ್ಪರ್ ಸ್ಟ್ರೀಟಿನಲ್ಲಿ ಮನೆ ಕೊಂಡಳು. ಅಕ್ಕಪಕ್ಕದ ಬಿಳಿಯರು ಓಡಿಸಲು ನೋಡಿದರು. ದೊಡ್ಡ ಮಗ ರಸ್ತೆಯಲ್ಲಿ ಸ್ಕೇಟಿಂಗ್ ಮಾಡುವ ಸದ್ದು ತಡೆಯಲಾಗುವುದಿಲ್ಲ ಎಂದು ಪೋಲಿಸರನ್ನು ಕರೆದರು. ಮ್ಯಾಲಿ ಕದಲಲಿಲ್ಲ. ಆ ಮನೆ ಈಗಿಲ್ಲ, ಕಾಲುದಾರಿಯಲ್ಲಿ ಒಂದು ಫಲಕವಿದೆ.

ಆ ಮನೆಯ ಮಕ್ಕಳು ಆಡದ ಆಟವಿಲ್ಲ. ಹೈಸ್ಕೂಲಿನಲ್ಲಿ ಜಾಕಿ ಫುಟ್‌ಬಾಲಿಗೂ ಇದ್ದ, ಬ್ಯಾಸ್ಕೆಟ್‌ಬಾಲಿಗೂ ಇದ್ದ, ಬೇಸ್‌ಬಾಲಿಗೂ ಇದ್ದ, ಓಟ ಜಿಗಿತಕ್ಕೂ ಇದ್ದ. ಇದು ಸಾಲದೆಂದು 1936ರಲ್ಲಿ ಕರಿಯ ಹುಡುಗರ ಟೆನಿಸ್ ಪಂದ್ಯಾವಳಿಯೊಂದನ್ನೂ ಗೆದ್ದು ಬಂದ. ಈಜುವುದಕ್ಕೆ ಮಾತ್ರ ಊರಿನ ಕೊಳಕ್ಕೆ ವಾರಕ್ಕೊಂದೇ ದಿನ ಕರಿಯರನ್ನು ಬಿಡುತ್ತಿದ್ದರು. ಆಮೇಲೆ ನೀರು ಬದಲಾಯಿಸುತ್ತಿದ್ದರಂತೆ. ಇದನ್ನು ಓದುವಾಗ ನಾನು ಪುಸ್ತಕ ಮಡಿಸಿಟ್ಟೆ. ನಮ್ಮ ಅಜ್ಜಿಯ ಮನೆಯ ಬಾವಿಯ ನೆನಪು ಬಂತು. ಅವರನ್ನು ಬಯ್ಯುವ ಬಾಯಿ ನನಗಿರಲಿಲ್ಲ.

ಆಮೇಲೆ ಊರಿನ ಜೂನಿಯರ್ ಕಾಲೇಜು. 1938ರ ಮೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಒಂದು ಊರಿನಲ್ಲಿ ಉದ್ದ ಜಿಗಿತದಲ್ಲಿ 25 ಅಡಿ ಆರೂವರೆ ಅಂಗುಲ ಹಾರಿ ಅಣ್ಣ ಮ್ಯಾಕ್‌ನ ದಾಖಲೆಯನ್ನೇ ಮುರಿದು, ಅಲ್ಲಿಂದ ಕಾರಿನಲ್ಲಿ ಇನ್ನೊಂದು ಊರಿಗೆ ಓಡಿ, ಅರ್ಧ ಆಗಿದ್ದ ಬೇಸ್‌ಬಾಲ್ ಪಂದ್ಯಕ್ಕೆ ಸೇರಿಕೊಂಡ. ಈ ಮಗನ ಬಟ್ಟೆ ಯಾರು ಒಗೆದರೋ! ದಿನವಿಡೀ ಬೇರೆಯವರ ಬಟ್ಟೆ ಒಗೆದು ಬಂದವಳೇ ಒಗೆದಿರಬೇಕು.

ಮುಂದಿನದು ಯುಸಿಎಲ್‌ಎ ವಿಶ್ವವಿದ್ಯಾನಿಲಯ. ಅಲ್ಲಿ ಒಂದೇ ವರ್ಷ ನಾಲ್ಕು ಆಟಗಳಲ್ಲಿ ತಂಡದ ಗೌರವಪದಕ ಪಡೆದ ಮೊದಲಿಗ ಅವನೇ. ಫುಟ್‌ಬಾಲಿನಲ್ಲಿ ಅವನು ಚೆಂಡು ಹಿಡಿದು ಓಡಿದರೆ ಹಿಡಿಯುವವರಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲಿ ಅವರ ವಿಭಾಗಕ್ಕೇ ಹೆಚ್ಚು ಅಂಕ. 1940ರಲ್ಲಿ ಉದ್ದ ಜಿಗಿತದಲ್ಲಿ ಇಡೀ ದೇಶದ ಕಾಲೇಜುಗಳಿಗೆ ಮೊದಲು. ಬೇಸ್‌ಬಾಲಿನಲ್ಲೋ? ಮೊದಲ ಪಂದ್ಯದಲ್ಲಿ ನಾಲ್ಕಕ್ಕೆ ನಾಲ್ಕು ಸಲ ಚೆನ್ನಾಗಿ ಹೊಡೆದ. ಆಮೇಲೆ ಚೆಂಡು ಬ್ಯಾಟಿಗೆ ಸಿಗುವುದನ್ನೇ ಬಿಟ್ಟಿತು. ಆ ವರ್ಷದ ಸರಾಸರಿ 0.097. ಅಂದರೆ ನೂರು ಸಲ ಬ್ಯಾಟು ಹಿಡಿದರೆ ಹತ್ತು ಸಲವೂ ಹಿಟ್ಟಿಲ್ಲ. ಮೂವತ್ತು ಸಲ ಹೊಡೆದವನನ್ನು ಒಳ್ಳೆಯ ಆಟಗಾರ ಅನ್ನುತ್ತಾರೆ ಎಂದು ಮೊಮ್ಮಗ ವಿವರಿಸಿದ. ನಾಲ್ಕರಲ್ಲಿ ಯಾವುದನ್ನಾದರೂ ಬಿಡು ಎಂದಿದ್ದರೆ ಯಾವುದನ್ನು ಬಿಡಬೇಕಾಗಿತ್ತು, ನೀವೇ ಹೇಳಿ.

1941ರಲ್ಲಿ, ಡಿಗ್ರಿಗೆ ಕೆಲವೇ ತಿಂಗಳಿರುವಾಗ ಅವನು ಕಾಲೇಜು ಬಿಟ್ಟ. ಮ್ಯಾಲಿ ಬೇಡಿಕೊಂಡಳು. ಆಗಲೇ ಪರಿಚಯವಾಗಿದ್ದ ರೇಚಲ್ ಎಂಬ ಹುಡುಗಿಯೂ ಬೇಡಿಕೊಂಡಳು. (ಈ ರೇಚಲ್ ತನ್ನ ನರ್ಸಿಂಗ್ ಡಿಗ್ರಿಯನ್ನು 1945ರಲ್ಲಿ ಮುಗಿಸಿಕೊಂಡ ಮೇಲೆಯೇ 1946ರಲ್ಲಿ ಅವನನ್ನು ಮದುವೆಯಾದಳು. ಐದು ವರ್ಷ ಕಾಯಿಸಿದಳು. ಜಾಣೆ.) ಅವನು ಕೇಳಲಿಲ್ಲ. ಕರಿಯನಿಗೆ ಎಷ್ಟು ಓದಿದರೂ ಕೆಲಸ ಸಿಗುವುದಿಲ್ಲ, ಅಮ್ಮನ ಕೈಯ ಭಾರ ಇಳಿಸಬೇಕು ಎಂಬುದೇ ಅವನ ಮಾತು. ಅದಕ್ಕೆ ಸಾಕ್ಷಿ ಮನೆಯಲ್ಲೇ ಇತ್ತು. ಅಣ್ಣ ಮ್ಯಾಕ್ 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ 200 ಮೀಟರ್ ಓಟಕ್ಕೆ ಬೆಳ್ಳಿ ಪದಕ ತಂದವನು. ಜೆಸ್ಸಿ ಓವೆನ್ಸನಿಗಿಂತ 0.4 ಸೆಕೆಂಡು ಹಿಂದೆ, ಅಷ್ಟೇ. ಕಾಲೇಜಿಗೂ ಹೋಗಿದ್ದ. ಊರಿಗೆ ಬಂದರೆ ನಗರಸಭೆ ಕೊಟ್ಟ ಕೆಲಸ ಬೀದಿ ಗುಡಿಸುವುದು. ಚಳಿಯಲ್ಲಿ ಬೆನ್ನ ಮೇಲೆ ದೇಶದ ಹೆಸರಿದ್ದ ಒಲಿಂಪಿಕ್ ಕೋಟು ಹಾಕಿಕೊಂಡು ಪೊರಕೆ ಹಿಡಿಯುತ್ತಿದ್ದ. ಆ ಕಂಚಿನ ತಲೆ ಸಿಟಿ ಹಾಲನ್ನು ಅಷ್ಟು ನೇರವಾಗಿ ಏಕೆ ನೋಡುತ್ತಿದೆ ಎನ್ನುವುದು ನನಗೆ ಆಗ ಅರ್ಥವಾಯಿತು.

ಆಟ ಅನ್ನ ಕೊಡುತ್ತದೆಯೇ, ಓದು ಅನ್ನ ಕೊಡುತ್ತದೆ ಎಂದು ನಾವು ತಾಯಂದಿರು ಹೇಳುತ್ತೇವಲ್ಲ, ಮ್ಯಾಲಿಯ ಮನೆಯಲ್ಲಿ ಎರಡೂ ಅನ್ನ ಕೊಟ್ಟಿರಲಿಲ್ಲ. ಆದರೂ ಆಕೆ ಓದು ಎಂದಳು, ಆಡಬೇಡ ಎನ್ನಲಿಲ್ಲ.

ಮುಂದಿನ ಕಥೆ ಲೋಕಕ್ಕೇ ಗೊತ್ತು. 1947ರಲ್ಲಿ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ, 1949ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ, ಎಲ್ಲ ಬೇಸ್‌ಬಾಲಿನಲ್ಲಿಯೇ. ಪ್ರೇಕ್ಷಕರ ಬೈಗುಳ, ಕೊಲೆ ಬೆದರಿಕೆಯ ಪತ್ರ, ಎಲ್ಲವನ್ನೂ ನುಂಗಿಕೊಂಡು ಆಡಿದ. ನಾನು ಹೇಳಬೇಕಾದದ್ದು ಒಂದೇ ಒಂದು ಓಟದ ವಿಷಯ.

1955ರ ಸೆಪ್ಟೆಂಬರ್ 28. ಜಾಕಿಗೆ ಆಗ 36 ವರ್ಷ, ಕೂದಲು ನರೆತಿತ್ತು, ಮೈ ಭಾರವಾಗಿತ್ತು. ಲೀಗಿನ ಅತಿ ದೊಡ್ಡ ಪಂದ್ಯಮಾಲೆಯ ಮೊದಲ ಪಂದ್ಯ, ಎದುರಿಗೆ ಯಾಂಕೀಸ್. ಮೂರನೆಯ ಬೇಸಿನಲ್ಲಿದ್ದವನು ಮನೆಯನ್ನು ಕದ್ದ, ಅಂದರೆ ಚೆಂಡು ಎಸೆಯುವವನು ಎಸೆಯುತ್ತಿರುವಾಗಲೇ ಚೆಂಡಿನ ಜೊತೆ ಪಂದ್ಯ ಕಟ್ಟಿ ಹೋಮಿಗೆ ಓಡಿದ. ಹೀಗೆ ಮನೆಯನ್ನು ಕದಿಯುವುದು ಇಡೀ ಆಟದಲ್ಲೇ ಕಷ್ಟದ ಕೆಲಸ. ಅವನು ದೊಡ್ಡ ಲೀಗಿನ ಪಂದ್ಯಗಳಲ್ಲಿ 19 ಸಲ ಮಾಡಿದ್ದ. ಆ ಓಟದ ಹಳೆಯ ಫಿಲ್ಮು ಇದೆ. ಮೊಮ್ಮಗ ಟಿ.ವಿ.ಗೆ ಹಾಕಿ ತೋರಿಸಿದ. ಬೇಸಿನಿಂದ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಹೋಗುತ್ತಾನೆ ಅನ್ನುವಾಗ ನಿಲ್ಲುತ್ತಾನೆ, ನಿಂತ ಅನ್ನುವಾಗ ಇಲ್ಲ.

ನಾನು ಟಿ.ವಿ. ನೋಡುವುದು ಬಿಟ್ಟು ಮಗಳನ್ನು ನೋಡಿದೆ. ಬಟಾಣಿ ಬಿಡಿಸುತ್ತ ಕೂತವಳ ಭುಜ ಅವನ ಭುಜದ ಜೊತೆಗೇ ಎಡಕ್ಕೂ ಬಲಕ್ಕೂ ತುಯ್ಯುತ್ತಿತ್ತು. "ಇದು ನಮ್ಮ ಖೋಖೋ ಅಲ್ವೇನಮ್ಮ" ಎಂದಳು, ನನ್ನ ಕಡೆ ತಿರುಗದೆ. ಮತ್ತೆ ಬಟಾಣಿ ಬಿಡಿಸಿದಳು.

ಇವಳೂ ಮೂರು ಆಟದವಳೇ ಆಗಿದ್ದಳು. ಖೋಖೋ, ಥ್ರೋಬಾಲು, 100 ಮೀಟರ್ ಓಟ. 1993ರಲ್ಲಿ, ಒಂಬತ್ತು ಮುಗಿಸಿ ಎಸ್ಸೆಸ್ಸೆಲ್ಸಿಗೆ ಬಂದ ವರ್ಷ, ಇವರ ಶಾಲೆಯ ಖೋಖೋ ತಂಡ ಜಿಲ್ಲೆಗೆ ಗೆದ್ದು ವಿಭಾಗ ಮಟ್ಟಕ್ಕೆ ಹೋಗುವುದಾಯಿತು. ದಾವಣಗೆರೆಯಲ್ಲಿ ಪಂದ್ಯ. ಡ್ರಿಲ್ ಮೇಷ್ಟ್ರು ಸೈಕಲ್ಲಿನಲ್ಲಿ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, "ಎರಡೇ ರಾತ್ರಿ ಅಮ್ಮಾ, ಮೇಡಂ ಒಬ್ಬರು ಜೊತೆಗಿರ್ತಾರೆ. ಇವಳಿಲ್ಲದಿದ್ರೆ ಓಡೋರೇ ಇಲ್ಲ ನಮಗೆ" ಎಂದರು. ನಮ್ಮ ಮನೆಯವರು "ನಿನ್ನಿಷ್ಟ" ಎಂದು ನನ್ನ ಮೇಲೆ ಹಾಕಿ ಎದ್ದು ಹೋದರು. ಬಾಗಿಲ ಹಿಂದೆ ಅವಳ ಎರಡು ಜಡೆ ಕಾಣುತ್ತಿತ್ತು. ನಾನು ಹೇಳಿದ್ದು ನನಗೆ ಇಂದಿಗೂ ಅಕ್ಷರಕ್ಕಕ್ಷರ ನೆನಪಿದೆ. "ಮೈ ನೆರೆದ ಹುಡುಗಿ ಮೇಷ್ಟ್ರೇ, ಎರಡು ರಾತ್ರಿ ಹೊರಗೆ ಕಳಿಸಲ್ಲ. ಈ ವರ್ಷ ಪಬ್ಲಿಕ್ ಪರೀಕ್ಷೆ ಬೇರೆ. ಆಟ ಸಾಕು." ಅವರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮುಂದಿನ ವಾರ, ಕಣ್ಣಿಗೆ ಬಿದ್ದರೆ ತಾನೆ ಆಸೆ ಎಂದುಕೊಂಡು, ಅವಳ ಬಿಳಿ ಕ್ಯಾನ್ವಾಸ್ ಬೂಟನ್ನು ಕೆಲಸದವಳ ಮಗಳಿಗೆ ಕೊಟ್ಟುಬಿಟ್ಟೆ. ಶಾಲೆಯಿಂದ ಬಂದವಳು ಬೂಟಿನ ಜಾಗ ನೋಡಿದಳು. ನನ್ನನ್ನು ನೋಡಿದಳು. ಕೈಕಾಲು ತೊಳೆದು ಓದಲು ಕೂತಳು. ಅಳಲಿಲ್ಲ, ಕೇಳಲಿಲ್ಲ. ಡಿಸ್ಟಿಂಕ್ಷನ್ ಬಂತು. ಇಂಜಿನಿಯರಿಂಗ್ ಆಯಿತು. ಊರಿನವರೆಲ್ಲ ನನ್ನನ್ನು ಹೊಗಳಿದರು. "ನೋಡಿ, ತಾಯಿ ಅಂದರೆ ಹೀಗಿರಬೇಕು." ಮೂವತ್ತು ವರ್ಷ ಆ ಹೊಗಳಿಕೆಯನ್ನು ನಾನು ನಾಚಿಕೆಯಿಲ್ಲದೆ ತೆಗೆದುಕೊಂಡಿದ್ದೇನೆ.

ಅದೇ ವಾರ ರಾತ್ರಿ ಊಟದ ಹೊತ್ತಿಗೆ ಮತ್ತೆ ಕ್ಲಬ್ಬಿನ ಮಾತು ಬಂತು. ಅಳಿಯಂದಿರು ನನ್ನ ಕಡೆ ತಿರುಗಿ, "ಅತ್ತೆ, ನೀವೇ ಹೇಳಿ. ನೀವು ಇವಳ ಆಟ ಬಿಡಿಸಿ ಓದಿಗೆ ಹಚ್ಚಲಿಲ್ಲವೇ? ಅದಕ್ಕೇ ಇವತ್ತು ಇಲ್ಲಿದ್ದಾಳೆ. ಒಂದನ್ನ ಹಿಡೀಬೇಕು, ಅಲ್ವಾ?" ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮಗಳು ಸಾರು ಬಡಿಸುತ್ತಿದ್ದವಳು ಬಡಿಸುತ್ತಲೇ ಇದ್ದಳು. ಮೊಮ್ಮಗನ ತಟ್ಟೆಯಲ್ಲಿ ಅನ್ನ ತೇಲುವಷ್ಟಾಯಿತು.

"ಆ ರಾಬಿನ್‌ಸನ್ ಹುಡುಗನ ಅಂಕಿಗಳನ್ನ 1940ರಲ್ಲಿ ನಿಮ್ಮ ಕಂಪ್ಯೂಟರಿಗೆ ಹಾಕಿದ್ದರೆ ಯಾವ ಆಟ ಬಿಡು ಅನ್ನುತ್ತಿತ್ತು?" ಎಂದೆ.

ಅಳಿಯ ನಕ್ಕರು. "ಬೇಸ್‌ಬಾಲೇ. ಆದರೆ ಅತ್ತೆ, ಆ ಕಾಲ ಬೇರೆ. ಈಗ ಉಳಿದ ಹುಡುಗರೆಲ್ಲ ವರ್ಷವಿಡೀ ಅದನ್ನೇ ಆಡ್ತಾರೆ. ಇವನೊಬ್ಬ ಹಿಂದೆ ಬಿದ್ದರೆ?" ಎಂದರು. ಅದೂ ಸುಳ್ಳಲ್ಲ. ಉತ್ತರ ನನ್ನ ಹತ್ತಿರ ಇರಲಿಲ್ಲ. "ಇವಳನ್ನ ಮಾತ್ರ ಉದಾಹರಣೆಗೆ ತೊಗೋಬೇಡಿ" ಎಂದಷ್ಟೇ ಹೇಳಿ ಮಜ್ಜಿಗೆ ಬಡಿಸಿಕೊಂಡೆ. ಕೊನೆಗೆ ಇನ್ನೊಂದು ಚಳಿಗಾಲ ಬ್ಯಾಸ್ಕೆಟ್‌ಬಾಲ್ ಇರಲಿ, ಆಮೇಲೆ ನೋಡೋಣ ಎಂದಾಯಿತು. ಹುಡುಗನನ್ನು ಯಾರೂ ಕೇಳಿರಲಿಲ್ಲ ಎನ್ನುವುದು ನಮಗೆಲ್ಲ ಹೊಳೆದದ್ದು ಅವನು, "ನಾನು ಓಡೋದನ್ನ ಬಿಡಬಹುದು, ಬ್ಯಾಸ್ಕೆಟ್‌ಬಾಲ್ ಬೇಕು" ಎಂದಾಗ.

ಶನಿವಾರ ಮಧ್ಯಾಹ್ನ ಹುಡುಗ ಅಭ್ಯಾಸ ಮಾಡುವುದನ್ನು ನೋಡಲು ನಾವು ಮೂವರೇ ಮೈದಾನಕ್ಕೆ ಹೋಗಿದ್ದೆವು. ಬೇರೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಬೆಂಚಿನಲ್ಲಿ ಕೂತಿದ್ದ ಮಗಳು ಇದ್ದಕ್ಕಿದ್ದಂತೆ ಕೈಚೀಲವನ್ನು ನನ್ನ ಮಡಿಲಿಗೆ ಹಾಕಿ, ಮೊದಲನೆಯ ಬೇಸಿನ ಹತ್ತಿರ ಹೋಗಿ ನಿಂತಳು. "ಎಸಿ ನೋಡೋಣ" ಎಂದಳು ಮಗನಿಗೆ. ನಲವತ್ತಾರು ವರ್ಷದ ಹೆಂಗಸು, ಕೆಲಸದಲ್ಲಿ ಅವಳ ಕೈಕೆಳಗೆ ಎಷ್ಟೋ ಜನ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಅವನು ಎಡಕ್ಕೆ ನೋಡುವಷ್ಟರಲ್ಲಿ ಓಡಿದಳು. ಖೋಖೋ ಕಂಬದ ಹತ್ತಿರ ಬಗ್ಗಿ ತಿರುಗುತ್ತಾರಲ್ಲ, ಹಾಗೆ ಮೈ ಬಗ್ಗಿಸಿ ಬೇಸಿನ ಮೇಲೆ ಕಾಲು ಹಾಕಿದಳು. ಹುಡುಗ ಚೆಂಡು ಕೈಯಲ್ಲೇ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದ. ಆಮೇಲೆ ಎರಡೂ ಕೈ ಅಗಲಿಸಿ, "ಸೇಫ್!" ಎಂದು ಕೂಗಿದ. ಅವಳು ನಗುತ್ತಿದ್ದಳು. ಆ ನಗು ನೋಡಿ ನಾನು ಕೈಚೀಲದ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದೆ.

ರಾತ್ರಿ ಮಂಡಿ ಊದಿತ್ತು. ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ನಾನು ನೆಲದ ಮೇಲೆ ಕೂತು ಅಮೃತಾಂಜನ ತಿಕ್ಕಿದೆ. ಗಂಡಸರು ಮಲಗಿದ್ದರು. ಹೇಳುವುದಾದರೆ ಈಗಲೇ ಎನ್ನಿಸಿತು.

"ನಿನ್ನ ಆ ಬೂಟು ನಾನು ಕೊಡಬಾರದಾಗಿತ್ತು ಕಣೇ" ಎಂದೆ.

ಯಾವ ಬೂಟು ಎಂದು ಅವಳು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅದು ಆಗಲೇ ನನಗೆ ಚಿಕ್ಕದಾಗಿತ್ತು, ಬಿಡಮ್ಮ" ಎಂದಳು. ಕಾಲು ಇನ್ನಷ್ಟು ನನ್ನ ಕಡೆ ಚಾಚಿದಳು.

ಆ ಬೂಟು ಕೊಡಿಸಿದವಳು ನಾನೇ, ಅದಕ್ಕೆ ಎರಡು ತಿಂಗಳು ಮುಂಚೆ. ಬೆಳೆಯುವ ಕಾಲು, ಎರಡು ವರ್ಷ ಬರಲಿ ಎಂದು ಒಂದು ಸೈಜು ದೊಡ್ಡದನ್ನೇ ತೆಗೆದುಕೊಂಡಿದ್ದೆ. ಮುಂದೆ ಹತ್ತಿ ತುರುಕಿಕೊಂಡು ಓಡುತ್ತಿದ್ದಳು.